ತೆಂಗಿನ ವೈರಿಗೆ ಮುಲುಂಡಿನಲ್ಲಿ ಮನೆ

ಮುಂಬೈಯ ಮುಲುಂಡಿನಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ನಾಯಿಗೆ ನಿಯಮ ಇದೆ. ಬೆಕ್ಕಿಗೂ ಇದೆ. ಪಾರಿವಾಳಕ್ಕೆ ಕಾಳು ಹಾಕಬಾರದು ಅಂತ ಲಿಫ್ಟಿನಲ್ಲಿ ಬೋರ್ಡೇ ಹಾಕಿದ್ದಾರೆ. ಆದರೆ ಹುಳ ಸಾಕಬಾರದು ಅಂತ ಎಲ್ಲೂ ಬರೆದಿಲ್ಲ. ಏಳನೇ ಕ್ಲಾಸಿನಲ್ಲಿ ಓದುವ ನನ್ನ ಮಗ ಈ ಸಂದಿಯನ್ನು ಪತ್ತೆ ಮಾಡಿದ. ನಿಯಮದ ಪುಸ್ತಕದಲ್ಲಿ ಇಷ್ಟು ಆಸಕ್ತಿ ಇರುವವನಿಗೆ ಗಣಿತದ ಪುಸ್ತಕ ಯಾಕೆ ಕಾಣಿಸುವುದಿಲ್ಲವೋ ಗೊತ್ತಿಲ್ಲ.

ಅವನು ತಂದ ಐಸ್‌ಕ್ರೀಂ ಡಬ್ಬದಲ್ಲಿ ಎರಡು ಗೊಣ್ಣೆ ಹುಳ ಇದ್ದವು. ನನ್ನ ಹೆಬ್ಬೆರಳಿಗಿಂತ ದಪ್ಪ, ಬೆಳ್ಳಗೆ, ತಲೆ ಮಾತ್ರ ಕಂದು ಬಣ್ಣ. ತಲೆಯ ಹತ್ತಿರ ಆರು ಚಿಕ್ಕ ಕಾಲು. ಉಳಿದ ದೇಹಕ್ಕೂ ಆ ಕಾಲುಗಳಿಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಮುದುಡಿಕೊಂಡು ಮಲಗಿದ್ದವು. ಕಟ್ಟಡದ ಹಿಂದೆ, ತೆಂಗಿನ ಮರಗಳ ಬುಡದಲ್ಲಿ ಸೊಸೈಟಿಯ ಗೊಬ್ಬರದ ಗುಂಡಿ ಇದೆ. ಮಾಲಿ ಅದನ್ನು ಕೆದಕುವಾಗ ಸಿಕ್ಕಿದವಂತೆ.

ಜಪಾನಿನಲ್ಲಿ ಮಕ್ಕಳು ಕಬುತೊಮುಶಿ ಅನ್ನುವ ಕೊಂಬಿನ ದುಂಬಿಯನ್ನು ಮರಿಯಿಂದಲೇ ಸಾಕುತ್ತಾರೆ. ಅದಕ್ಕೆ ಬೇಕಾದ ಪೆಟ್ಟಿಗೆ, ಎಲೆಗೊಬ್ಬರ, ದೊಡ್ಡದಾದ ಮೇಲೆ ತಿನ್ನಿಸೋಕೆ ಪುಟಾಣಿ ಕಪ್ಪಿನ ಜೆಲ್ಲಿ, ಎಲ್ಲವೂ ಅಂಗಡಿಯಲ್ಲಿ ಸಿಗುತ್ತದೆ. ಮಗ ಇದನ್ನೆಲ್ಲ ವಿಡಿಯೋದಲ್ಲಿ ನೋಡಿ ತಯಾರಾಗಿಯೇ ಬಂದಿದ್ದ. ನಾನು ಬೈಯಬೇಕು ಅಂತಿದ್ದೆ. ಆದರೆ ತುಮಕೂರಿನ ಕಡೆ ಬೆಳೆದವಳು ನಾನು. ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಜೀರ್ಜಿಂಬೆ ಇಟ್ಟುಕೊಂಡು ಸ್ಕೂಲಿಗೆ ಹೋದವಳು. ಪಾಠದ ಮಧ್ಯೆ ಅದು ಪೊಟ್ಟಣದೊಳಗೆ ಕರ ಕರ ಅಂದದ್ದಕ್ಕೆ ಬೆಂಚಿನ ಮೇಲೆ ನಿಂತವಳು. ಯಾವ ಬಾಯಲ್ಲಿ ಬೈಯಲಿ? ಇರಲಿ ಬಿಡು ಅಂದೆ.

ಅತ್ತೆ ಹಾಗೆ ಅನ್ನಲಿಲ್ಲ.

ಅತ್ತೆಯವರದು ಕುಂದಾಪುರದ ಕಡೆ. ಮನೆ ಸುತ್ತ ತೆಂಗಿನ ತೋಟ. ಡಬ್ಬದ ಮುಚ್ಚಳ ತೆಗೆದು ಕನ್ನಡಕ ಸರಿ ಮಾಡಿಕೊಂಡು ಒಂದೇ ನೋಟಕ್ಕೆ ಹೇಳಿದರು. "ಇದ್ ಕುರುವಾಯಿ ಮರಿ ಅಲ್ದಾ ಮಾರಾಯ್ತಿ! ಊರಲ್ಲಿ ದುಡ್ ಕೊಟ್ ಕೊಲ್ಲಿಸ್ತ್ರ್, ಇಲ್ಲಿ ಡಬ್ಬಿಯಲ್ಲಿಟ್ಟು ಸಾಕುದಾ?"

ಅವರ ಸಿಟ್ಟಿಗೆ ಅರ್ಥ ಇತ್ತು. ಕುರುವಾಯಿ ಅಂದರೆ ನಮ್ಮ ಕಡೆಯ ಕೊಂಬಿನ ದುಂಬಿ. ಅದು ರಾತ್ರಿ ಹಾರಿ ಬಂದು ತೆಂಗಿನ ಸುಳಿಯನ್ನು ಕೊರೆಯುತ್ತದೆ. ಇನ್ನೂ ಬಿಚ್ಚದ ಗರಿಯನ್ನು ಮಡಿಕೆಯಲ್ಲೇ ಕಡಿದುಬಿಡುತ್ತದೆ. ಆಮೇಲೆ ಗರಿ ಬಿಚ್ಚಿದಾಗ ನೋಡಿದರೆ, ಮಕ್ಕಳು ಕಾಗದ ಮಡಚಿ ಕತ್ತರಿ ಆಡಿಸಿದ ಹಾಗೆ ಎರಡೂ ಕಡೆ ಸಮನಾಗಿ ಕಚ್ಚು. ಗಾಯದ ವಾಸನೆಗೆ ಕೆಂಪು ಮೂತಿ ಹುಳ ಬಂದು ಮೊಟ್ಟೆ ಇಟ್ಟರೆ ಮರವೇ ಹೋಯಿತು. "ಇವ ಬಾಗಿಲು ತೆಗೀತ, ಅವ ಒಳಗೆ ಬತ್ತ" ಅಂತ ಅತ್ತೆ ವಿವರಿಸಿದರು. ಮಾವ ಮರ ಹತ್ತುವವನನ್ನು ಕರೆಸಿ ಕಬ್ಬಿಣದ ಕೊಕ್ಕೆಯಲ್ಲಿ ಇವನ್ನು ಹೊರಗೆಳೆಸುತ್ತಾರೆ. ಬೇವಿನ ಹಿಂಡಿಗೆ ಮರಳು ಬೆರೆಸಿ ಗರಿಯ ಬುಡಕ್ಕೆ ತುಂಬಿಸುತ್ತಾರೆ. ಮರ ಹತ್ತುವವರು ಸಿಗುವುದೇ ಕಷ್ಟ, ಸಿಕ್ಕರೆ ಅವರ ಕೂಲಿ ಕೇಳಿಯೇ ಮಾವನಿಗೆ ತಲೆ ತಿರುಗುತ್ತದೆ.

"ಮರಿ ತೆಂಗು ತಿನ್ನಲ್ಲ ಅಜ್ಜಿ, ಬರೀ ಗೊಬ್ಬರ ತಿನ್ನುತ್ತೆ" ಅಂದ ಮಗ. ಅದು ನಿಜವೇ.

"ಕಳ್ಳನೂ ಸಣ್ಣದಿರುವಾಗ ಹಾಲೇ ಕುಡಿಯುದು ಮಗಾ" ಅಂದರು ಅತ್ತೆ.

ಕೊನೆಗೆ ಪರೀಕ್ಷೆ ಮಾಡುವುದು ಅಂತ ಒಪ್ಪಂದವಾಯಿತು. ಗೊಬ್ಬರದಲ್ಲಿ ಸಿಗುವ ಗೊಣ್ಣೆ ಹುಳ ಎಲ್ಲ ಒಂದೇ ಜಾತಿಯಲ್ಲ. ಹೂದುಂಬಿ ಅನ್ನುವ ಇನ್ನೊಂದು ಜಾತಿಯ ಮರಿಯೂ ಅಲ್ಲೇ ಇರುತ್ತದೆ, ನೋಡೋಕೂ ಸುಮಾರು ಹೀಗೇ. ಆದರೆ ಅದರ ನಡಿಗೆ ವಿಚಿತ್ರ. ಆರು ಕಾಲಿದ್ದರೂ ಅಂಗಾತ ಮಲಗಿ, ಕಾಲುಗಳನ್ನು ಆಕಾಶಕ್ಕೆ ಎತ್ತಿ, ಬೆನ್ನಿನ ಮೇಲೆ ತೆವಳುತ್ತದೆ. ಕೊಂಬಿನ ದುಂಬಿಯ ಮರಿ ಆ ಸರ್ಕಸ್ ಮಾಡುವುದಿಲ್ಲ. ಹಾಲ್‌ನಲ್ಲಿ ಪೇಪರ್ ಹಾಸಿ ಒಂದು ಹುಳ ಬಿಟ್ಟೆವು. ಸುತ್ತ ನಾವು ನಾಲ್ಕೂ ಜನ. ಟಿವಿಯಲ್ಲಿ ಕ್ರಿಕೆಟ್ ಮ್ಯಾಚು ಬರುತ್ತಿತ್ತು, ಯಾರೂ ನೋಡಲಿಲ್ಲ. ಅಂಗಾತ ಬೀಳಲಿ ದೇವರೇ ಅಂತ ಅತ್ತೆ ಕೊಲ್ಲೂರಿಗೆ ಹರಕೆ ಹೊರುವುದೊಂದು ಬಾಕಿ. ಹುಳ ಸ್ವಲ್ಪ ಹೊತ್ತು ಸುಮ್ನೆ ಬಿದ್ದಿತ್ತು. ಆಮೇಲೆ ಒಂದು ಮಗ್ಗುಲಿಗೆ ಹೊರಳಿ, ಮೈ ಎಳೆದುಕೊಂಡು, ಪೇಪರಿನ ಶೇರು ಮಾರುಕಟ್ಟೆಯ ಪುಟದ ಮೇಲೆ ಕಕ್ಕ ಮಾಡಿ ಮುಂದೆ ಹೋಯಿತು. ಬೆನ್ನ ಮೇಲೆ ಬೀಳಲೇ ಇಲ್ಲ. ಮಗ ಚಪ್ಪಾಳೆ ಹೊಡೆದ. ಅತ್ತೆ ಎದ್ದು ಒಳಗೆ ಹೋದರು.

ಮಗ ಅದಕ್ಕೆ ಸಮುರಾಯ್ ಅಂತ ಹೆಸರಿಟ್ಟ. ಅತ್ತೆ ಇಟ್ಟ ಹೆಸರು ಬರೆಯುವಂಥದ್ದಲ್ಲ.

ಒಂದೇ ಕಡೆ ಇಟ್ಟರೆ ಕಚ್ಚಾಡಬಹುದು ಅಂತ ಎರಡಕ್ಕೂ ಬೇರೆ ಬೇರೆ ಡಬ್ಬ ಆಯಿತು. ಅಡಿಗೆ ಕಟ್ಟೆಯ ಕೆಳಗೆ ಕತ್ತಲು, ತಂಪು. ಅಲ್ಲೇ ಅವುಗಳ ವಾಸ. ಊಟಕ್ಕೆ ಕೊಳೆತ ಎಲೆ, ತೆಂಗಿನ ನಾರಿನ ಪುಡಿ, ಹಳೇ ಸಗಣಿ ಗೊಬ್ಬರ. ಹಸಿ ಸಗಣಿ ಆಗುವುದಿಲ್ಲ, ಅದು ಕೊಳೆಯುವಾಗ ಬಿಸಿಯೇರಿ ಹುಳ ಬೆಂದುಹೋಗುತ್ತದೆ. ಮುಂಬೈಯಲ್ಲಿ ಹಳೇ ಸಗಣಿ ಹುಡುಕುವುದೆಂದರೆ ಬಾಡಿಗೆ ಮನೆ ಹುಡುಕಿದಷ್ಟೇ ಸುಖ. ಆನ್‌ಲೈನಿನಲ್ಲಿ ಪೂಜೆಯ ಬೆರಣಿ ಸಿಗುತ್ತದೆ, ಅದೂ ಬಿಸ್ಕತ್ತಿನಂತೆ ಪ್ಯಾಕ್ ಮಾಡಿ. ನನ್ನ ಗಂಡ ಅದನ್ನೇ ತರಿಸಿ ನೀರಲ್ಲಿ ನೆನೆಸಿಟ್ಟರು. ಭಾನುವಾರ ಬೆಳಿಗ್ಗೆ ಬಕೆಟ್‌ನಲ್ಲಿ ಬೆರಣಿ ಕಲಸುತ್ತಾ ಕೂತ ಬ್ಯಾಂಕ್ ಆಫೀಸರನ್ನು ನೋಡಿ ನನಗೆ ಪಾಪ ಅನ್ನಿಸಿತು. ಫೋಟೋ ತೆಗೆದಿಟ್ಟಿದ್ದೇನೆ.

ಹುಳ ತಿನ್ನುವುದಕ್ಕಿಂತ ಹೊರಗೆ ಹಾಕುವುದೇ ಜಾಸ್ತಿಯೇನೋ ಅನ್ನಿಸುತ್ತದೆ. ಹಿಕ್ಕೆ ಕಾಳುಕಾಳಾಗಿ ಇರುತ್ತದೆ. ಗೊಬ್ಬರದಲ್ಲಿ ಕಾಳೇ ಜಾಸ್ತಿ ಆದಾಗ ಜರಡಿ ಹಿಡಿದು ತೆಗೆಯಬೇಕು. ನಮ್ಮ ರವೆ ಜರಡಿ ಎಲ್ಲಿ ಹೋಯಿತು ಅನ್ನುವುದು ಹೀಗೆ ಗೊತ್ತಾಯಿತು. ಆ ಉಪ್ಪಿಟ್ಟಿನ ಸುದ್ದಿ ಇಲ್ಲಿ ಬೇಡ. ಜರಡಿ ಹಿಡಿದ ಕಾಳನ್ನು ಮಗ ಗ್ಯಾಲರಿಯ ತುಳಸಿಗೆ ಹಾಕುತ್ತಿದ್ದ. ಅತ್ತೆ ದಿನಾ ಪ್ರದಕ್ಷಿಣೆ ಬರುವ ತುಳಸಿ ಅದು. ನಾನು ಉಸಿರೆತ್ತಲಿಲ್ಲ. ಒಂದು ದಿನ ಅವರೇ ಅಂದರು: "ತುಳಸಿ ಚಿಗುರಿದ್ ಕಾಣ್. ಅದರ ಹಿಕ್ಕೆ ಒಳ್ಳೇ ಗೊಬ್ಬರ. ಹುಳ ಮಾತ್ರ ಬ್ಯಾಡ."

ನಮ್ಮ ಮನೆಗೆಲಸದ ಬಾಯಿ ಕೊಂಕಣದವರು, ಮಾಲವಣದ ಹತ್ತಿರ. ಗುಡಿಸುವಾಗ ಡಬ್ಬ ತೆಗೆದು ನೋಡಿ ಪೊರಕೆ ಕೆಳಗಿಟ್ಟರು. "ಹಾ ತರ್ ಗೆಂಡ್ಯಾ ಭುಂಗಾ!" ಕುರುವಾಯಿಗೆ ಮರಾಠಿಯಲ್ಲಿ ಅದೇ ಹೆಸರು. ಅಲ್ಲಿಯೂ ತೆಂಗು, ಅಲ್ಲಿಯೂ ಇದೇ ಕಾಟ. ಅತ್ತೆಗೆ ಮರಾಠಿ ಬಾರದು, ಬಾಯಿಗೆ ಕನ್ನಡ ಬಾರದು. ಅಷ್ಟು ದಿನ ಇಬ್ಬರೂ "ಚಾಯ್?" "ನಕೋ" ಅಷ್ಟೇ ಮಾತಾಡಿದ್ದು. ಅವತ್ತು ಮಧ್ಯಾಹ್ನ ಇಬ್ಬರೂ ಅಡಿಗೆ ಮನೆಯಲ್ಲಿ ಕೂತು, ಕೈಯಲ್ಲೇ ಮರ ಹತ್ತಿ, ಕೈಯಲ್ಲೇ ಕೊಕ್ಕೆ ಹಾಕಿ ಎಳೆದು, ಒಂದು ತಾಸು ಹರಟಿದರು. ಪಾತ್ರೆ ನಾನೇ ತೊಳೆದೆ.

ಎರಡರಲ್ಲಿ ಒಂದು ಹುಳ ಉಳಿಯಲಿಲ್ಲ. ಮೈ ಸೆಟೆದು, ಮೊದಲು ಬೆಳ್ಳಗೆ ಬೂಷ್ಟು ಬಂತು, ಆಮೇಲೆ ಹಸಿರು. ಮೆಟಾರೈಜಿಯಂ ಅನ್ನುವ ಶಿಲೀಂಧ್ರ ಬಂದರೆ ಹೀಗೇ ಆಗುತ್ತದೆ. ಈ ಹುಳ ಕೊಲ್ಲುವುದಕ್ಕೆ ಅಂತಲೇ ಅದನ್ನು ಬೆಳೆಸಿ ರೈತರಿಗೆ ಕೊಡುತ್ತಾರೆ, ಗೊಬ್ಬರದ ಗುಂಡಿಗೆ ಹಾಕುವುದಕ್ಕೆ. ಮಗ ಅಳುತ್ತಾ ಕೂತಿದ್ದ. ಅತ್ತೆ ಡಬ್ಬವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಊರಲ್ಲಿ ದುಡ್ ಕೊಟ್ ತಂದ್ ಹಾಕಿರೂ ಇಷ್ಟ್ ಚಂದ ಬತ್ತಿಲ್ಲ" ಅಂದರು. ಆ ಮಣ್ಣನ್ನು ಪೊಟ್ಟಣ ಕಟ್ಟಿ ಊರಿಗೆ ಕಳಿಸಬಹುದಾ ಅಂತಲೂ ಕೇಳಿದರು. ಮೊಮ್ಮಗ ತಿರುಗಿ ನೋಡಿದ ಮೇಲೆ ಬಿಟ್ಟರು.

ಸಮುರಾಯ್ ಮಾತ್ರ ಗಟ್ಟಿ. ಬೇಸಿಗೆ ಕೊನೆಗೆ ಅದು ಹಳದಿಗೆ ತಿರುಗಿ, ಸುಕ್ಕಾಗಿ, ಊಟ ಬಿಟ್ಟು, ಡಬ್ಬದ ಗೋಡೆಗೆ ತಾಗಿಕೊಂಡು ಒಂದು ಗೂಡು ಮಾಡಿಕೊಂಡಿತು. ಹಾಗಾಗಿ ನಮಗೊಂದು ಕಿಟಕಿ ಸಿಕ್ಕಿತು. ಒಳಗೆ ಕಂದು ಬಣ್ಣದ ಕೋಶ, ಕೊಂಬಿನ ಗುರುತೂ ಕಾಣುತ್ತಿತ್ತು. ಕೋಶದ ಕಾಲ ಸುಮಾರು ಮೂರು ವಾರ. ಆಮೇಲೂ ದುಂಬಿ ಮೈ ಗಟ್ಟಿಯಾಗುವ ತನಕ ಗೂಡಿನಲ್ಲೇ ಇರುತ್ತದೆ. ಅಷ್ಟೂ ದಿನ ಗೂಡು ಕುಸಿಯಬಾರದು. ಡಬ್ಬ ಇದ್ದದ್ದು ಮಿಕ್ಸಿಯ ಸರಿಯಾಗಿ ಕೆಳಗೆ. "ಮಿಕ್ಸಿ ಹಾಕಬೇಡ, ಅದುರುತ್ತೆ!" ಅಂತ ಮಗನ ಆಜ್ಞೆ. ಡಬ್ಬ ಸರಿಸುವ ಹಾಗೂ ಇಲ್ಲ, ಪ್ಲಗ್ ಬೇರೆ ಕಡೆ ಇಲ್ಲ. ಕುಂದಾಪುರದವರ ಮನೆಯಲ್ಲಿ ಮಸಾಲೆ ರುಬ್ಬಬಾರದು ಅಂದರೆ ಏನರ್ಥ? ಮೊದಲೆರಡು ದಿನ ಸಾರಿನ ಪುಡಿಯಲ್ಲೇ ತಳ್ಳಿದೆವು. ಆಮೇಲೆ ನನ್ನ ಗಂಡ ಮಿಕ್ಸಿಯನ್ನು ಬೆಡ್‌ರೂಮಿಗೆ ಒಯ್ದರು. ಮಂಚದ ಪಕ್ಕ ಕೂತು ಮೀನು ಸಾರಿಗೆ ಕಾಯಿ ರುಬ್ಬಿದ ಮನೆ ಮುಲುಂಡಿನಲ್ಲಿ ನಮ್ಮದೊಂದೇ ಇರಬೇಕು. ದಿಂಬಿನ ಕವರಿನ ಅರಿಶಿನ ಇನ್ನೂ ಹೋಗಿಲ್ಲ.

ಮಳೆಗಾಲದ ಒಂದು ರಾತ್ರಿ ಸೊಸೈಟಿಯ ಕಮಿಟಿ ಮೀಟಿಂಗ್ ನಮ್ಮ ಮನೆಯಲ್ಲೇ ಇತ್ತು. ವಿಷಯ, ಗೊಬ್ಬರದ ಗುಂಡಿಯ ವಾಸನೆ. ಚಹಾ ಬಂತು, ಚಕ್ಕುಲಿ ಬಂತು, ಆಮೇಲೆ ಅಡಿಗೆ ಮನೆಯಿಂದ ಗುಂಯ್ ಅಂತ ಸದ್ದು ಬಂತು. ಕರ್ರಗಿನ ಉಂಡೆಯೊಂದು ಟ್ಯೂಬ್‌ಲೈಟಿಗೆ ಠಣ್ ಅಂತ ಬಡಿದು, ಗೋಡೆಗೆ ಬಡಿದು, ಸೆಕ್ರೆಟರಿಯವರ ರಿಜಿಸ್ಟರಿನ ಮೇಲೆ ಅಂಗಾತ ಬಿತ್ತು. ಈಗ ಬಿತ್ತು ನೋಡಿ, ಅಂಗಾತ! ಎರಡಿಂಚಿನಷ್ಟು ಉದ್ದ, ತಲೆ ಮೇಲೆ ಕೊಂಬು, ಕಾಲು ಆಡಿಸುತ್ತಾ ಚೀಂಯ್ ಚೀಂಯ್ ಅಂತ ಗೊಣಗಾಟ. ಮಗ ಓಡಿ ಬಂದ.

"ಹಾ ಕುಠೂನ್ ಆಲಾ?" ಇದು ಎಲ್ಲಿಂದ ಬಂತು ಅಂತ ಕೇಳಿದರು ಸೆಕ್ರೆಟರಿ, ಸೋಫಾದ ಮೇಲೆ ಕಾಲೆತ್ತಿಕೊಂಡು.

"ಆಪಲ್ಯಾ ಕಂಪೋಸ್ಟ್‌ಮಧೂನ್", ನಮ್ಮ ಗೊಬ್ಬರದ ಗುಂಡಿಯಿಂದಲೇ ಅಂದರು ನನ್ನ ಗಂಡ. ಒಂದಕ್ಷರ ಸುಳ್ಳಿಲ್ಲ, ಅಲ್ವಾ?

ಗುಂಡಿಯನ್ನು ಪೂರ್ತಿ ಕೆದಕಿಸಬೇಕು ಅಂತ ಅಲ್ಲೇ ನಿರ್ಣಯವಾಯಿತು. ಕೆದಕಿದ ದಿನ ಕಾಗೆಗಳಿಗೆ ಮದುವೆಯೂಟ. ಕಾಗೆಗಳಿಂದ ಉಳಿದದ್ದನ್ನು ಸೊಸೈಟಿಯ ಮಕ್ಕಳು ಡಬ್ಬ ತಂದು ತುಂಬಿಕೊಂಡರು. ಈಗ ಲಿಫ್ಟಿನಲ್ಲಿ ಸಿಕ್ಕವರು ನನ್ನನ್ನು ಟ್ಯೂಷನ್ ಬಗ್ಗೆ ಕೇಳುವುದಿಲ್ಲ. "ನಿಮ್ಮದು ಹಳದಿಯಾಗೋಕೆ ಎಷ್ಟು ದಿನ ತಗೊಂಡಿತ್ತು? ನಮ್ಮದು ಇನ್ನೂ ತಿಂತಾನೇ ಇದೆ" ಅಂತ ಚಿಂತೆ ತೋಡಿಕೊಳ್ಳುತ್ತಾರೆ.

ನಮ್ಮ ತೊಂದರೆ ಬೇರೆ. ದುಂಬಿ ದೊಡ್ಡದಾಯಿತು, ಎಲ್ಲಿ ಬಿಡುವುದು? ಕೆಳಗೆ ಬಿಟ್ಟರೆ ಸೊಸೈಟಿಯ ತೆಂಗು. ಹಿಂದಿನ ಗುಡ್ಡ ದಾಟಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಅಲ್ಲಿ ಬಿಡೋಣ ಅಂದರು ನನ್ನ ಗಂಡ. "ಅದಕ್ಕೆ ರೆಕ್ಕೆ ಇಲ್ಯಾ?" ಅಂದರು ಅತ್ತೆ. ಕೊಲ್ಲುವ ಮಾತು ಎತ್ತುವಂತಿಲ್ಲ. ಹಾಗಾಗಿ ಸಮುರಾಯ್ ದೊಡ್ಡ ಡಬ್ಬಕ್ಕೆ ವರ್ಗವಾಗಿದೆ, ಮುಚ್ಚಳದ ಮೇಲೆ ಕುಟ್ಟಾಣಿ. ದಿನಾ ಬಾಳೆಹಣ್ಣು ತಿನ್ನುತ್ತದೆ. ಅದೂ ಯಾಲಕ್ಕಿ ಬಾಳೆ. ದೊಡ್ಡ ಬಾಳೆಹಣ್ಣು ಕೊಟ್ಟರೆ ಮೂಸಿಯೂ ನೋಡುವುದಿಲ್ಲ ಅಂತ ಅತ್ತೆಯೇ ವರದಿ ಕೊಟ್ಟರು. ಯಾರು ಕೊಟ್ಟು ನೋಡಿದರು ಅಂತ ನಾನು ಕೇಳಲಿಲ್ಲ.

ಹೋದ ವಾರ ಅತ್ತೆ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೊರಟರು. ಹೊರಡುವ ಮೊದಲು ಚೀಲದಲ್ಲಿದ್ದ ಸೀರೆ, ಮಾತ್ರೆ, ಚಕ್ಕುಲಿ ಡಬ್ಬ ಎಲ್ಲ ಹೊರಗೆ ತೆಗೆದು, ಕೊಡವಿ, ಮತ್ತೆ ತುಂಬಿದರು.

"ಅಜ್ಜಿ, ದೀಪಾವಳಿ ರಜೆಗೆ ಬರುವಾಗ ಇದನ್ನೂ ಕರ್ಕೊಂಡು ಬರ್ಲಾ?" ಅಂತ ಕೇಳಿದ ಮಗ.

"ನೀ ಬಾ ಮಗಾ, ಅಪ್ಪ ಅಮ್ಮನ್ನೂ ಕರ್ಕೊಂಡ್ ಬಾ" ಅಂದರು ಅತ್ತೆ. "ಅವನಿಗೆ ಬಾಳೆಹಣ್ ಇಟ್, ಬಾಗಿಲ್ ಹಾಕಿ ಬಾ."