ಬಸಿಯಲ್ಲಿನ ಚಹಾ, ಮಗಳು ತಿಂದ ಬಳಪ

ಎರಡು ವರ್ಷದ ಹಿಂದೆ ನನ್ನ ಮಗಳು ಬಳಪ ತಿನ್ನುತ್ತಿದ್ದಳು. ಸುಮ್ನೆ ಕಚ್ಚುವುದಲ್ಲ, ಶೇಂಗಾ ತಿಂದ ಹಾಗೆ ಕಟುಂ ಕಟುಂ ಅಂತ ಅಗಿದು ನುಂಗುವುದು. ಪಾಟೀಚೀಲದಲ್ಲಿಟ್ಟ ಡಬ್ಬಿ ವಾರ ತುಂಬುವುದರೊಳಗೆ ಖಾಲಿ. ನಾವು ನಕ್ಕೆವು. ನಮ್ಮ ಅವ್ವನಂತೂ "ನೀನೂ ಸಣ್ಣಾಂವಿದ್ದಾಗ ಗ್ವಾಡಿ ಮಣ್ಣು ಕೆರಕೊಂಡು ತಿಂತಿದ್ದಿ, ನಿನ್ನ ಮಗಳಲ್ಲೇನು" ಅಂತ ಹೆಮ್ಮೆಯಿಂದಲೇ ಹೇಳಿದಳು.

ಆಮೇಲೆ ಶಾಲೆಯಿಂದ ಟೀಚರ್ ಫೋನ್ ಮಾಡಿದರು. "ಸರ್, ನಿಮ್ಮ ಹುಡುಗಿ ಎರಡನೇ ಪಿರಿಯಡ್‌ಗೇ ತಲಿ ಇಟ್ಟು ಮಲಗ್ತಾಳ್ರಿ. ರಾತ್ರಿ ಎಷ್ಟೊತ್ತಿಗೆ ಮಲಗಿಸ್ತೀರಿ?" ನನಗೆ ಸ್ವಲ್ಪ ಸಿಟ್ಟೇ ಬಂತು, ನಿಜ ಹೇಳಬೇಕಂದ್ರೆ. ಒಂಬತ್ತೂವರೆಗೆಲ್ಲ ಮಲಗುವ ಹುಡುಗಿ ಅದು. ಅದೇ ಭಾನುವಾರ ಗೋಳಗುಮ್ಮಟಕ್ಕೆ ಹೋದೆವು, ಬೀಗರ ಮನೆಯವರು ಬಂದಿದ್ದರು. ಮಿನಾರಿನ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಕೂತುಬಿಟ್ಟಳು. ಅವಳಿಗಿಂತ ಒಂದು ವರ್ಷ ಸಣ್ಣವನಾದ ಅವರ ಹುಡುಗ ಮೇಲೆ ಹೋಗಿ ಕೂಗಿ ಏಳು ಸಲ ತನ್ನ ದನಿ ಕೇಳಿಸಿಕೊಂಡು ಬಂದ, ಇವಳನ್ನು ನಾನು ಕೆಳಗೆ ಎತ್ತಿಕೊಂಡು ಇಳಿದೆ. ಆಗಲೂ ನನಗೆ ಹೊಳೆಯಲಿಲ್ಲ, ಹಟ ಮಾಡ್ತಾಳೆ ಅಂದುಕೊಂಡೆ. ಮೆಡಿಕಲ್ ಅಂಗಡಿಯವನನ್ನು ಕೇಳಿದರೆ ಹಸಿವಿನ ಟಾನಿಕ್ ಅಂತ ಒಂದು ಬಾಟಲಿ ಕೊಟ್ಟ. ಒಂದು ತಿಂಗಳು ಅದೂ ಆಯಿತು. ಹಸಿವೂ ಇಲ್ಲ, ಏನೂ ಇಲ್ಲ.

ಕೊನೆಗೆ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಅವರು ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು, ಬಳಪದ ಕಥೆ ಕೇಳಿ ನಗಲಿಲ್ಲ. ಒಂದೇ ಪ್ರಶ್ನೆ ಕೇಳಿದರು. "ಕೂಸು ಚಹಾ ಕುಡೀತದೇನ್ರಿ?"

ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಆಕೆಯ ನೋಟದಲ್ಲಿ ಏನಿತ್ತು ಅಂತ ಮದುವೆಯಾದವರಿಗೆ ಬಿಡಿಸಿ ಹೇಳಬೇಕಿಲ್ಲ.

ಯಾಕಂದ್ರೆ ಚಹಾ ಕುಡಿಸುತ್ತಿದ್ದವನು ನಾನೇ. ಬೆಳಿಗ್ಗೆ ಪೇಪರ್ ಹಿಡಿದು ಕೂತಾಗ ಅವಳು ಬಂದು ತೊಡೆ ಮೇಲೆ ಕೂರುತ್ತಿದ್ದಳು, ನಾನು ಬಸಿಗೆ ಸುರಿದು ಊದಿ ಕೊಡುತ್ತಿದ್ದೆ, ಅವಳು ಸುರ್ ಅಂತ ಎಳೆಯುತ್ತಿದ್ದಳು. ಅದರಲ್ಲಿ ಚಪಾತಿ ಅದ್ದಿ ತಿಂದರೆ ನಾಷ್ಟಾ ಮುಗೀತು. ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ಅಜ್ಜಿಯ ಕಪ್ಪಿನಲ್ಲಿ ಎರಡು ಗುಟುಕು. ಸಂಜೆ ಖಾರಿ ಜೊತೆ ಮತ್ತೊಮ್ಮೆ. ಐದು ವರ್ಷದ ಕೂಸಿಗೆ ದಿನಕ್ಕೆ ಮೂರು ಸಲ. ನಮ್ಮ ಕಡೆ ಇದು ಯಾರಿಗೂ ವಿಚಿತ್ರ ಅನಿಸುವುದಿಲ್ಲ, ಅಲ್ವಾ? ವಿಜಯಪುರದಲ್ಲಿ ಯಾರ ಮನೆಗೆ ಹೋದರೂ ದೊಡ್ಡವರಿಗೆ ಒಂದು ಕಪ್ಪು, ಮಕ್ಕಳಿಗೆ ಅರ್ಧ ಕಪ್ಪು. ಕೊಡದಿದ್ದರೆ ಅದೇ ಒಂದು ಮಾತು.

ರಕ್ತ ತಪಾಸಣೆ ಮಾಡಿಸಿದಾಗ ಹಿಮೋಗ್ಲೋಬಿನ್ 8.6 ಬಂತು. ಐದು ವರ್ಷ ದಾಟಿದ ಮಕ್ಕಳಲ್ಲಿ ಅದು 11.5ಕ್ಕಿಂತ ಕೆಳಗೆ ಇಳಿಯಬಾರದಂತೆ.

ಡಾಕ್ಟರ್ ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ರಕ್ತದಲ್ಲಿ ಹಿಮೋಗ್ಲೋಬಿನ್ ಆಗಲಿಕ್ಕೆ ಕಬ್ಬಿಣಾಂಶ ಬೇಕು. ಕಾಳು, ಸೊಪ್ಪು, ರೊಟ್ಟಿಯಲ್ಲಿ ಅದು ಇದ್ದೇ ಇದೆ. ಆದರೆ ಅದು ಮೈಗೆ ಹತ್ತುವುದೇ ಕಷ್ಟ, ತಿಂದದ್ದರಲ್ಲಿ ಸ್ವಲ್ಪವೇ ರಕ್ತಕ್ಕೆ ಸೇರುತ್ತದೆ. ಅದರ ಮೇಲೆ ಚಹಾ ಸುರಿದರೆ, ಚಹಾದಲ್ಲಿರುವ ಒಗರು ಅಂಶ ಆ ಕಬ್ಬಿಣವನ್ನು ಹೊಟ್ಟೆಯಲ್ಲೇ ಕಟ್ಟಿಹಾಕಿಬಿಡುತ್ತದೆ, ಅದು ಹಾಗೇ ಹೊರಗೆ ಹೋಗುತ್ತದೆ. "ನಾವು ಹಾಲು ಜಾಸ್ತಿ ಹಾಕಿ ಕೊಡ್ತೀವ್ರಿ" ಅಂದೆ ನಾನು, ಜಾಣನ ಹಾಗೆ. ಹಾಲಿನ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡ ಬರುತ್ತದೆ ಅಂದರು. ಮೇಲಾಗಿ ಚಹಾ ಕುಡಿದ ಹೊಟ್ಟೆಗೆ ಹಸಿವೆ ಎಲ್ಲಿಂದ ಬರಬೇಕು? ಬಳಪ, ಮಣ್ಣು, ಗೋಡೆಯ ಸುಣ್ಣ ತಿನ್ನುವುದು ತುಂಟತನ ಅಲ್ಲ, ಹೆಚ್ಚಾಗಿ ರಕ್ತ ಕಡಿಮೆ ಆದಾಗಲೇ ಮಕ್ಕಳು ಹಾಗೆ ಮಾಡುತ್ತಾರಂತೆ. ಕಬ್ಬಿಣ ಕಡಿಮೆಯಾದರೆ ಬರೀ ಸುಸ್ತಲ್ಲ, ಲಕ್ಷ್ಯ ಕೊಟ್ಟು ಕೇಳುವುದು, ಕಲಿತದ್ದು ನೆನಪಿಡುವುದು ಎಲ್ಲದಕ್ಕೂ ಪೆಟ್ಟು. ನಾನು ಮಗಳಿಗೆ "ದಡ್ಡಿ, ನಿನ್ನೆ ಹೇಳಿದ್ದು ಇವತ್ತು ಮರೀತಿ" ಅಂತ ಬೈದದ್ದು ಎಷ್ಟು ಸಲವೋ. ಅದು ಈಗಲೂ ಚುಚ್ಚುತ್ತದೆ.

ಇದು ನಮ್ಮ ಮನೆಯೊಂದರ ಕಥೆ ಅಂತ ತಿಳಿಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತ ಕಡಿಮೆ. ಇದಕ್ಕೆಲ್ಲ ಚಹಾ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಜಂತುಹುಳ ಇದೆ, ಬಸುರಿ ತಾಯಿಗೇ ರಕ್ತ ಇಲ್ಲದಿರುವುದು ಇದೆ, ಕೊಂಡು ತಿನ್ನಲು ದುಡ್ಡಿಲ್ಲದ ಮನೆಗಳಿವೆ. ಆದರೆ ರೊಕ್ಕ ಇದ್ದೂ, ದಿನಾ ಮೆಂತ್ಯೆ, ರಾಜಗಿರಿ ಪಲ್ಯ ತಂದೂ, ಉಂಡದ್ದನ್ನು ಚಹಾ ಕುಡಿದು ತೊಳೆದುಕೊಳ್ಳುವ ನಮ್ಮಂಥವರಿಗೆ ಏನು ನೆಪ?

ಔಷಧಿ ಕೊಟ್ಟರು, ಕಬ್ಬಿಣದ ಸಿರಪ್, ಮೂರು ತಿಂಗಳು. ಇದನ್ನು ಯಾಕೆ ಹೇಳುತ್ತೇನೆ ಅಂದ್ರೆ, "ಬೀಟ್‌ರೂಟ್ ಜ್ಯೂಸ್ ಕುಡಿಸ್ರಿ, ಸಾಕು" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅಷ್ಟು ಕೆಳಗೆ ಇಳಿದ ಮೇಲೆ ಬರೀ ಊಟದಿಂದ ಮೇಲೆ ಬರುವುದಿಲ್ಲ, ಡಾಕ್ಟರ್ ಹೇಳಿದಷ್ಟು ದಿನ ಸಿರಪ್ ಕೊಡಲೇಬೇಕು. ಕಕ್ಕಸ ಕಪ್ಪಗೆ ಬರುತ್ತದೆ, ಗಾಬರಿ ಬೇಡ. ಹುಳದ ಗುಳಿಗೆಯೂ ಆಯಿತು. ಆದರೆ ನಮ್ಮ ಮನೆಯಲ್ಲಿ ನಿಜವಾಗಿ ಬದಲಾದದ್ದು ಎರಡೇ ಅಭ್ಯಾಸ. ಚಹಾ ಊಟದಿಂದ ದೂರ ಹೋಯಿತು, ಲಿಂಬೆಹಣ್ಣು ಊಟಕ್ಕೆ ಹತ್ತಿರ ಬಂತು.

ಲಿಂಬೆ! ಇದಕ್ಕಂತೂ ನನಗೆ ನಗು ಬರುತ್ತದೆ. ನಮ್ಮ ಊರು ಇಂಡಿ ತಾಲ್ಲೂಕು. ಇಂಡಿ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ (ಇದು ಈ ಸೀಮೆಯದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಾಗ ನಾನೇ ಇಲ್ಲಿ ಹೆಮ್ಮೆಯಿಂದ ಹಂಚಿಕೊಂಡಿದ್ದೆ. ಕಾಕಾನ ತೋಟದಿಂದ ಚೀಲಗಟ್ಟಲೆ ಬರುತ್ತದೆ, ಅರ್ಧ ಉಪ್ಪಿನಕಾಯಿಗೆ, ಅರ್ಧ ಗಾಡಿಗೆ ದೃಷ್ಟಿ ತೆಗೆಯಲಿಕ್ಕೆ. ಅದರಲ್ಲಿರುವ ವಿಟಮಿನ್ ಸಿ ಸೊಪ್ಪು ಕಾಳುಗಳ ಕಬ್ಬಿಣವನ್ನು ಮೈಗೆ ಹತ್ತುವಂತೆ ಮಾಡುತ್ತದೆ ಅಂತ ನಮಗೆ ಡಾಕ್ಟರ್ ಹೇಳಬೇಕಾಯಿತು. ಈಗ ಮಡಕಿ ಕಾಳು ಮೊಳಕೆ ಬರಿಸಿ ಉಸುಳಿ ಮಾಡಿದರೆ ಇಳಿಸಿದ ಮೇಲೆ ಹಿಂಡುತ್ತೇವೆ, ಕುದಿಯುವಾಗಲ್ಲ, ಬಿಸಿಗೆ ಆ ವಿಟಮಿನ್ ಹಾಳಾಗುತ್ತದೆ. ಪುಂಡಿಪಲ್ಯ ಮೊದಲೇ ಹುಳಿ, ಅದಕ್ಕೆ ಬೇಡ. ಹಸಿ ಮೆಂತ್ಯೆಗೆ ಉಳ್ಳಾಗಡ್ಡಿ, ಶೇಂಗಾ ಹಿಂಡಿ ಕಲಸಿ ಲಿಂಬೆ ಹಿಂಡಿ ರೊಟ್ಟಿಯೊಳಗೆ ಸುತ್ತಿಕೊಟ್ಟರೆ ಅವಳು ಅದಕ್ಕೆ "ರೋಲ್" ಅನ್ನುತ್ತಾಳೆ, ಪೇಟೆಯಿಂದ ತಂದ ಹಾಗೆ ತಿನ್ನುತ್ತಾಳೆ. ಚಳಿಗಾಲದಲ್ಲಿ ಸಜ್ಜಿ ರೊಟ್ಟಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಉಣ್ಣುವ ಊಟ ಇದೆಯಲ್ಲ, ಸಜ್ಜಿ ರೊಟ್ಟಿ, ಕಾಳುಪಲ್ಯ, ಹಸಿ ತರಕಾರಿ, ಅದನ್ನೇ ವರ್ಷಪೂರ್ತಿ ಸ್ವಲ್ಪ ಸ್ವಲ್ಪ ಉಂಡರೆ ಬೇರೆ ಡಯಟ್ ಯಾಕೆ ಬೇಕು ಹೇಳಿ?

ಕಷ್ಟ ಆದದ್ದು ಮಗಳಿಂದ ಅಲ್ಲ. ಅವಳು ನಾಲ್ಕು ದಿನ ಅತ್ತು ಮರೆತಳು. ಕಷ್ಟ ಆದದ್ದು ಅವ್ವನಿಂದ. "ನಾವೆಲ್ಲ ಚಹಾ ಕುಡಿದೇ ದೊಡ್ಡವರಾಗಿಲ್ಲೇನು? ನಮಗೇನಾಗ್ಯದ?" ಈ ಮಾತು ಎಲ್ಲಾ ಮನೆಯಲ್ಲೂ ಬರುತ್ತದೆ. ನಾನು ವಾದ ಮಾಡಲಿಲ್ಲ, ಅವ್ವನನ್ನೂ ಕರಕೊಂಡು ಹೋಗಿ ರಕ್ತ ತಪಾಸಣೆ ಮಾಡಿಸಿದೆ. 9.1. ನನ್ನ ತಂಗಿ ಹುಟ್ಟಿದಾಗ ಅವ್ವನಿಗೆ ರಕ್ತದ ಬಾಟಲಿ ಏರಿಸಿದ್ದರು ಅಂತ ಆವತ್ತು ಬಾಯಿಬಿಟ್ಟಳು. ನಾನು ಸಣ್ಣವನಿದ್ದಾಗ ಅವ್ವ ಮಧ್ಯಾಹ್ನ ಬೀಸುಕಲ್ಲಿನ ಹತ್ತಿರ ಗೋಡೆಗೆ ಒರಗಿ ಕಣ್ಣುಮುಚ್ಚಿ ಕೂರುತ್ತಿದ್ದದ್ದು ನೆನಪಾಯಿತು. ದಣಿವು ಅಂದರೆ ಹೆಣ್ಣುಮಕ್ಕಳಿಗೆ ಇರೋದೇ ಅಂತ ಮನೆಯವರೆಲ್ಲ ತಿಳಿದಿದ್ದೆವು, ಆಕೆಯೂ ಹಾಗೇ ತಿಳಿದಿದ್ದಳು.

ಆಮೇಲೆ ಅವ್ವನೇ ಪೊಲೀಸಳಾದಳು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಸೂಚನೆಗಳಲ್ಲಿ ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ಆಮೇಲೆ ಚಹಾ ಕಾಫಿ ಬೇಡ ಅಂತ ಇದೆ. ಅದನ್ನು ಓದಿ ಹೇಳಿದ್ದೇ ತಪ್ಪಾಯಿತು. ಈಗ ನಾನು ಉಂಡು ಕೈ ತೊಳೆದ ಕೂಡಲೇ ಗಡಿಯಾರ ನೋಡುತ್ತಾಳೆ.

ಇಲ್ಲೇ ಒಂದು ಸಿಟ್ಟು ಹೊರಹಾಕಿಬಿಡುತ್ತೇನೆ. ಫೋನ್ ತೆಗೆದರೆ ಸಾಕು, ಮಕ್ಕಳ ಬುದ್ಧಿಗೆ ಈ ಪುಡಿ, ಎತ್ತರಕ್ಕೆ ಆ ಪುಡಿ, ಡ್ರೈಫ್ರೂಟ್ ಮಾಲ್ಟ್, ಡಬ್ಬಿಗೆ ಆರುನೂರು, ಎಂಟುನೂರು. ಕೊಳ್ಳುವ ತಂದೆತಾಯಿಯರನ್ನು ನಾನು ಆಡಿಕೊಳ್ಳುವುದಿಲ್ಲ, ನಾನೂ ಟಾನಿಕ್ ಕೊಂಡವನೇ. ಆದರೆ ಅದೇ ಮನೆಯಲ್ಲಿ ಶಾಲೆಯಲ್ಲಿ ವಾರಕ್ಕೊಮ್ಮೆ ಪುಕ್ಕಟೆ ಕೊಡುವ ಗುಲಾಬಿ ಬಣ್ಣದ ಕಬ್ಬಿಣದ ಗುಳಿಗೆಯನ್ನು "ಹೊಟ್ಟಿನೋವು ಬರ್ತದ, ಬ್ಯಾಡ" ಅಂತ ಎಸೆಯಿಸುತ್ತಾರೆ. ಮಧ್ಯಾಹ್ನದ ಊಟಕ್ಕೆ ಮೊಟ್ಟೆ ಕೊಡಲು 2021ರ ಡಿಸೆಂಬರ್‌ನಲ್ಲಿ ಶುರು ಮಾಡಿದಾಗ ಮೊದಲ ಪಟ್ಟಿಯಲ್ಲೇ ನಮ್ಮ ಜಿಲ್ಲೆ ಇತ್ತು, ಇಲ್ಲಿಯ ಮಕ್ಕಳಲ್ಲಿ ಸೊರಗು ಅಷ್ಟಿತ್ತು ಅಂತಲೇ. ಮೊಟ್ಟೆ ಕೊಡಬಾರದು ಅಂತ ಆಗ ಎಷ್ಟು ಜಗಳ! ತಿನ್ನದವರಿಗೆ ಬಾಳೆಹಣ್ಣು ಇತ್ತಲ್ಲ, ತಿನ್ನುವ ಮಕ್ಕಳದನ್ನು ಯಾಕೆ ಕಸಿಯಬೇಕಿತ್ತು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಇನ್ನುಳಿದದ್ದು ನಿಮಗೂ ಗೊತ್ತಿರುವುದೇ. ಜಂತುಹುಳ ಹತ್ತದಿರಲಿ ಅಂತ ಕಕ್ಕಸಕ್ಕೆ ಹೋಗುವಾಗ, ಹೊಲಕ್ಕೆ ಹೋಗುವಾಗ ಕಾಲಲ್ಲಿ ಚಪ್ಪಲಿ, ಉಣ್ಣುವ ಮೊದಲು ಸಾಬೂನು. ರಾತ್ರಿ ಊಟಕ್ಕೆ ಕೂತಾಗ ಫೋನ್ ಟಿವಿ ಮೇಲೆ ಇಡುತ್ತೇವೆ, ನನ್ನದೂ ಸೇರಿ. ಅದರಲ್ಲಿ ನಾನು ವಾರಕ್ಕೆ ಎರಡು ಸಲ ಸೋಲುತ್ತೇನೆ.

ಮೂರು ತಿಂಗಳಿಗೆ 11.2 ಆಯಿತು, ಆರು ತಿಂಗಳಿಗೆ 12. ಬಳಪದ ಡಬ್ಬಿ ಯಾವಾಗ ಖಾಲಿಯಾಗುವುದು ನಿಂತಿತು ಅಂತ ನಮಗೆ ನೆನಪೇ ಇಲ್ಲ. ಬೇರೆಯವರ ಮನೆಗೆ ಹೋದಾಗ ಮಾತ್ರ ಇನ್ನೂ ಪೇಚು. "ಕೂಸಿಗೆ ಚಹಾ ಬ್ಯಾಡಂದ್ರ ಹ್ಯಾಂಗ್ರಿ, ಮನಿಗೆ ಬಂದದ" ಅನ್ನುತ್ತಾರೆ. "ಒಂದು ಗ್ಲಾಸ್ ಲಿಂಬು ಶರಬತ್ ಮಾಡ್ರಿ ಅಕ್ಕಾರ" ಅಂತ ನಾನೇ ಬಾಯಿಬಿಟ್ಟು ಕೇಳುತ್ತೇನೆ, ನಾಚಿಕೆ ಬಿಟ್ಟು. ಮಗಳು ಅದನ್ನೂ ಬಸಿಗೆ ಸುರಿಸಿಕೊಂಡೇ ಸುರ್ ಅನ್ನುತ್ತಾಳೆ.

ಆಫೀಸಿನಲ್ಲಿ ಡಬ್ಬಿ ಊಟ ಮುಗಿದ ಹತ್ತು ನಿಮಿಷಕ್ಕೆ ನಾನು ಗೇಟಿನ ಹೊರಗಿನ ಅಂಗಡಿಯಲ್ಲಿ ಇರುತ್ತೇನೆ, ಅದು ಬೇರೆ ಮಾತು. ಇದನ್ನು ಓದುತ್ತಿರುವ ನಮ್ಮ ಓಣಿಯವರು ದಯವಿಟ್ಟು ಅವ್ವನ ಮುಂದೆ ಹೇಳಬೇಡ್ರಿ.