ಗೋಡೆಯಾಚೆಯ ಮೊಟ್ಟೆ ವಾಸನೆ

ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಫ್ರೆಂಚ್ ಕ್ಲಾಸಿಗೂ ಸೈನ್ಸ್ ಲ್ಯಾಬಿಗೂ ನಡುವೆ ಒಂದೇ ಗೋಡೆ. ಅದೂ ಸೂರಿನವರೆಗೆ ಹೋಗಿರಲಿಲ್ಲ. ಮೇಲೆ ಒಂದು ಮೊಳ ಖಾಲಿ ಬಿಟ್ಟಿದ್ದರು. ಇಲ್ಲಿ ನಾವು ಕ್ರಿಯಾಪದ ಉರುಹೊಡೆಯುತ್ತಿದ್ದರೆ ಆ ಸಂದಿಯಿಂದ ಹೈಡ್ರೋಜನ್ ಸಲ್ಫೈಡ್ ಇಳಿದು ಬರುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆ. ಪಾಂಡಿಚೇರಿಯ ನಮ್ಮ ಫ್ರೆಂಚ್ ಮಿಸ್ ಕರ್ಚೀಫನ್ನು ಮೂಗಿಗೆ ಒತ್ತಿಕೊಂಡೇ ಪಾಠ ಮುಂದುವರಿಸುತ್ತಿದ್ದರು. ಆಗಲೇ ಅವರ ಉಚ್ಚಾರ ಜಾಸ್ತಿ ಚೆನ್ನಾಗಿರುತ್ತದೆ ಅಂತ ಹಿಂದಿನ ಬೆಂಚಿನವರ ತೀರ್ಮಾನ.

ನಾನು ಫ್ರೆಂಚ್ ತಗೊಂಡಿದ್ದು ಪ್ಯಾರಿಸ್ ಮೇಲಿನ ಪ್ರೀತಿಗಲ್ಲ. ಅದು ಸ್ಕೋರಿಂಗ್ ಸಬ್ಜೆಕ್ಟು ಅಂತ ಯಾರೋ ಅಪ್ಪನ ಕಿವಿಗೆ ಹಾಕಿದ್ದರು. ಬೆಂಗಳೂರಿನ ಅರ್ಧ ಮಕ್ಕಳು ಭಾಷೆ ಆರಿಸಿಕೊಳ್ಳುವುದೇ ಹೀಗೆ, ತರಕಾರಿ ಕೊಂಡ ಹಾಗೆ. ಯಾವುದು ಅಗ್ಗ, ಯಾವುದು ಬೇಗ ಬೇಯುತ್ತದೆ. ಅಜ್ಜಿ ಮಾತ್ರ, 'ಹಾಲಿನ ಲೆಕ್ಕ ಕನ್ನಡದಲ್ಲಿ ನೆಟ್ಟಗೆ ಬರೆಯೋಕೆ ಬರಲ್ಲ ಇವಳಿಗೆ' ಅಂದು ಸುಮ್ಮನಾದರು.

ಬರೆದಂತೆ ಓದುವ ಭಾಷೆಯಿಂದ ಹೋದವಳಿಗೆ ಫ್ರೆಂಚ್ ಒಂದು ಮೋಸದ ಹಾಗೆ ಕಂಡಿತು. ಹಕ್ಕಿಗೆ ಅವರಲ್ಲಿ ಆರು ಅಕ್ಷರ. ಐದೂ ಇಂಗ್ಲಿಷ್ ಸ್ವರಗಳು ಅದರಲ್ಲೇ ಇವೆ. ಓದುವುದು ಮಾತ್ರ 'ವಾಝೋ'! ಒಂದಕ್ಷರವೂ ತನ್ನ ಹೆಸರಿನಂತೆ ನಡೆದುಕೊಳ್ಳುವುದಿಲ್ಲ. ಚಂದಮಾಮ ಅಲ್ಲಿ ಹೆಂಗಸು. ಟೇಬಲ್ಲೂ ಹೆಂಗಸು, ಪುಸ್ತಕ ಗಂಡಸು. ಯಾಕೆ ಅಂತ ಕೇಳಿದರೆ ಮಿಸ್, 'ಹಾಗೇ' ಅನ್ನುತ್ತಿದ್ದರು. ಗೋಡೆಯಾಚೆ ಸೈನ್ಸ್ ಮಿಸ್ ಪ್ರತಿಯೊಂದಕ್ಕೂ ಯಾಕೆ ಅಂತ ಕೇಳಿ ಅಂತ ಕಿರುಚುತ್ತಿದ್ದರು. ನಲವತ್ತು ನಿಮಿಷಕ್ಕೊಮ್ಮೆ ನಮ್ಮ ಧರ್ಮ ಬದಲಾಗುತ್ತಿತ್ತು.

ಇನ್ನೊಂದು ತಮಾಷೆ. 'ತ್ಯು' ಯಾರಿಗೆ, 'ವು' ಯಾರಿಗೆ ಅನ್ನುವುದನ್ನು ಮಿಸ್ ಬೋರ್ಡಿನ ಮೇಲೆ ಚಿತ್ರ ಬರೆದು, ಇಂಗ್ಲಿಷಿನಲ್ಲಿ, ಎರಡು ಪಿರಿಯಡ್ ವಿವರಿಸಿದರು. ನೀನು, ನೀವು ಅಂದಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಕ್ಲಾಸಿನಲ್ಲಿ ಕನ್ನಡ ಆಡಿದರೆ ದಂಡ ಇತ್ತು.

ಎಣಿಕೆ ಬಂದಾಗ ಮಾತ್ರ ನಾನು ಸೋತೆ. ಅರವತ್ತೊಂಬತ್ತರ ತನಕ ಎಲ್ಲ ಸರಿ. ಎಪ್ಪತ್ತು ಅಂದರೆ 'ಅರವತ್ತು-ಹತ್ತು'. ಎಂಬತ್ತು 'ನಾಲ್ಕು ಇಪ್ಪತ್ತು'. ತೊಂಬತ್ತೊಂಬತ್ತು 'ನಾಲ್ಕು ಇಪ್ಪತ್ತು ಹತ್ತೊಂಬತ್ತು'. ಕೊನೆಯ ಪರೀಕ್ಷೆಯಲ್ಲಿ ನನಗೆ ಬಂದದ್ದು 87. ಮನೆಗೆ ಬಂದು ಜಂಬದಿಂದ 'ನಾಲ್ಕು ಇಪ್ಪತ್ತು ಏಳು' ಅಂದೆ. ಅಜ್ಜಿಗೆ ಕೇಳಿಸಿದ್ದು ಕೊನೇದು ಮಾತ್ರ. 'ಬರೀ ಏಳಾ?' ಪಕ್ಕದ ಮನೆಯ ಸಂಸ್ಕೃತದವಳಿಗೆ 98 ಬಂದಿತ್ತು. ಅಪ್ಪ ಫ್ರೆಂಚಿನ ಮಾತೆತ್ತಲಿಲ್ಲ, ಮತ್ತೆ ಯಾವತ್ತೂ.

ಸೈನ್ಸಿನಲ್ಲಿ ಆಕ್ಸಿಜನ್ ಅನ್ನುವುದು ನನಗೆ ಬರೀ ಒಂದು ಹೆಸರು. ತುಮಕೂರಿನಲ್ಲಿ ಕನ್ನಡ ಮೀಡಿಯಂ ಓದುತ್ತಿದ್ದ ಚಿಕ್ಕಪ್ಪನ ಮಗಳಿಗೆ ಅದು ಆಮ್ಲಜನಕ. ಆಮ್ಲವನ್ನು ಹುಟ್ಟಿಸುವುದು. 'ಎಲ್ಲ ಆಮ್ಲದಲ್ಲೂ ಇದೆಯೇನೇ?' ಅಂತ ಅವಳು ರಜೆಯಲ್ಲಿ ಕೇಳಿದಾಗ ನಾನು ಹೂಂ ಅಂದುಬಿಟ್ಟೆ. ತಪ್ಪು. ಲ್ಯಾಬಿನಲ್ಲಿ ದಿನಾ ನೋಡುತ್ತಿದ್ದ ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಆಮ್ಲಜನಕವೇ ಇಲ್ಲ. ಆದರೆ ಆ ತಪ್ಪು ನನ್ನದಲ್ಲ, ಫ್ರೆಂಚ್ ವಿಜ್ಞಾನಿ ಲಾವೊಯ್ಸಿಯೆಯದು. ಆಮ್ಲಕ್ಕೆಲ್ಲ ಇದೇ ಮೂಲ ಅಂದುಕೊಂಡು ಅವನೇ ಗ್ರೀಕ್ ಪದ ಜೋಡಿಸಿ ಆಕ್ಸಿಜನ್ ಅನ್ನುವ ಹೆಸರು ಕಟ್ಟಿದ. 1794ರಲ್ಲಿ ಗಿಲೊಟಿನ್ ಅವನ ತಲೆ ತೆಗೆಯಿತು. ಹೆಸರು ಉಳಿಯಿತು. ಕನ್ನಡದವರು ಅದನ್ನು ಎಷ್ಟು ನಿಯತ್ತಾಗಿ ತಂದರೆಂದರೆ, ತಪ್ಪಿನ ಸಮೇತ ತಂದರು. ಇದನ್ನು ನಮಗೆ ಯಾರೂ ಹೇಳಲಿಲ್ಲ. ಸೈನ್ಸ್ ಮಿಸ್ಸಿಗೆ ಇದು ಭಾಷೆ, ಫ್ರೆಂಚ್ ಮಿಸ್ಸಿಗೆ ಇದು ಸೈನ್ಸು.

ಮೇರಿ ಕ್ಯೂರಿ ಪುಸ್ತಕದಲ್ಲಿದ್ದಳು, ಅಂಚೆಚೀಟಿಯಷ್ಟು ಫೋಟೋ, ಎರಡು ನೊಬೆಲ್, 1903 ಮತ್ತು 1911. ಅಲ್ಲಿಗೆ ಮುಗಿಯಿತು. ಆಕೆ 1900ರಿಂದ ಪ್ಯಾರಿಸ್ ಪಕ್ಕದ ಸೆವ್ರ್‌ನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದದ್ದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿ ಓದುತ್ತಿದ್ದವರು ಮುಂದೆ ಹೆಣ್ಣುಮಕ್ಕಳ ಹೈಸ್ಕೂಲಿಗೆ ಟೀಚರಾಗುವ ಹುಡುಗಿಯರು. ಅಂದರೆ ಕ್ಯೂರಿಯೂ ಯಾರಿಗೋ 'ಸೈನ್ಸ್ ಮಿಸ್' ಅಲ್ವಾ? ಸೀಮೆಸುಣ್ಣದ ಕೈ ಸೆರಗಿಗೆ, ಅಲ್ಲಲ್ಲ, ಕಪ್ಪು ಗೌನಿಗೆ ಒರೆಸಿಕೊಂಡು 'ಹಿಂದಿನ ಬೆಂಚು, ಮಾತು ಸಾಕು' ಅಂದಿರಬೇಕು, ಫ್ರೆಂಚಿನಲ್ಲಿ.

ಹೋದ ತಿಂಗಳು ಮಗಳು ಆವರ್ತ ಕೋಷ್ಟಕದ ಚಾರ್ಟನ್ನು ಅಡುಗೆಮನೆ ಗೋಡೆಗೆ ಅಂಟಿಸಿದಳು. ದೋಸೆ ಹುಯ್ಯುತ್ತಾ ನೋಡಿದೆ. ಎಡಗಡೆ ತೀರಾ ಕೆಳಗೆ ಫ್ರಾನ್ಸಿಯಂ, ಫ್ರಾನ್ಸಿನ ಹೆಸರು ಹೊತ್ತ ಧಾತು. 1939ರಲ್ಲಿ ಅದನ್ನು ಕಂಡುಹಿಡಿದವಳು ಮಾರ್ಗರೀತ್ ಪೆರೆ. ಹತ್ತೊಂಬತ್ತಕ್ಕೆ ಕ್ಯೂರಿಯ ಲ್ಯಾಬಿಗೆ ಸಹಾಯಕಿಯಾಗಿ ಸೇರಿದವಳು. ಸ್ವತಃ ಕ್ಯೂರಿಯನ್ನು 1911ರಲ್ಲಿ ಒಳಗೆ ಬಿಡದ ಫ್ರೆಂಚ್ ವಿಜ್ಞಾನ ಅಕಾಡೆಮಿ 1962ರಲ್ಲಿ ಇವಳನ್ನು ಆರಿಸಿತು. ಅಲ್ಲಿಗೆ ಹೋದ ಮೊದಲ ಹೆಂಗಸು. ಫ್ರೆಂಚ್ ಪಿರಿಯಡ್ಡಿಗೂ ಸೈನ್ಸ್ ಪಿರಿಯಡ್ಡಿಗೂ ಇದಕ್ಕಿಂತ ಒಳ್ಳೆ ಪಾಠ ಸಿಗುತ್ತಿರಲಿಲ್ಲ. ಗೋಡೆಯ ಮೇಲೆ ಅಷ್ಟು ಜಾಗ ಇದ್ದರೂ ಈಚೆ ಬಂದದ್ದು ಮೊಟ್ಟೆ ವಾಸನೆ ಒಂದೇ.

ಫ್ರಾನ್ಸಿಯಂ ವಿಕಿರಣ ಸೂಸುತ್ತಾ ಸುಮಾರು 22 ನಿಮಿಷಕ್ಕೆ ಅರ್ಧ ಕರಗಿಹೋಗುತ್ತದೆ. ಪಿರಿಯಡ್ ಶುರುವಾದಾಗ ತಂದಿಟ್ಟರೆ ಬೆಲ್ ಹೊಡೆಯುವಷ್ಟರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಖಾಲಿ. ನನ್ನ ಫ್ರೆಂಚಿಗೆ ಇಷ್ಟು ಹತ್ತಿರದ ಹೋಲಿಕೆ ಬೇರೆ ಸಿಕ್ಕಿಲ್ಲ.

ಚಾರ್ಟಿನಲ್ಲಿ ಫ್ರಾನ್ಸಿಯಂನ ಚೌಕದೊಳಗೆ ಬರೆದಿದ್ದ ನಂಬರ್ ನೋಡಿದೆ. 87. 'ಕಾತ್ರ್-ವ್ಯಾಂ-ಸೆತ್' ಅಂತ ಬಾಯಿಗೆ ತಾನಾಗಿ ಬಂತು.

'ಏನಮ್ಮಾ?'

'ನನ್ನ ಮಾರ್ಕ್ಸು' ಅಂದೆ. ಅಷ್ಟರಲ್ಲಿ ದೋಸೆ ಸೀದಿತ್ತು.