ಹಳೆ ಡ್ರಮ್ ಮಾರಿದರೆ ಮರ್ಯಾದೆ ಹೋಗುವುದಿಲ್ಲ

ಷಿಕಾಗೋದಲ್ಲಿ ಹಳೆ ಸ್ನೇರ್ ಡ್ರಮ್, ಅಂದರೆ ಕೆಳಗೆ ತಂತಿ ಕಟ್ಟಿದ, ನಮ್ಮ ಬ್ಯಾಂಡ್‌ಸೆಟ್‌ನವರು ಸೈಡ್ ಡ್ರಮ್ ಅನ್ನುವ ವಾದ್ಯ, ಕೈಗೆಟುಕುವ ಬೆಲೆಗೆ ಸಿಗುತ್ತದೆ. ನಮ್ಮ ಕಾರವಾರದಲ್ಲಿ ಸಿಗುವುದಿಲ್ಲ. ಡ್ರಮ್ ನಮ್ಮಲ್ಲಿ ಇಲ್ಲ ಅಂತಲ್ಲ. ಚರ್ಚ್ ಪಕ್ಕದ ಹಾಲ್‌ನಲ್ಲಿ, ಶಾಲೆಯ ಸ್ಟೋರ್ ರೂಮಿನಲ್ಲಿ, ಒಂದು ಕಾಲದಲ್ಲಿ ಬ್ಯಾಂಡ್‌ಸೆಟ್ ನಡೆಸಿದವರ ಮನೆಯ ಅಟ್ಟದಲ್ಲಿ ಸೈಡ್ ಡ್ರಮ್‌ಗಳಿವೆ. ಅವು ಹೊರಗೆ ಬರುವುದಿಲ್ಲ. ಯಾಕೆ ಬರುವುದಿಲ್ಲ ಅನ್ನುವುದೇ ನನ್ನನ್ನು ಕಾಡುವ ಪ್ರಶ್ನೆ.

ನಾನು ಕಾರವಾರದ ಕೋಡಿಬಾಗದವನು. ಗಣಪತಿ ಮೆರವಣಿಗೆಯ ಬ್ಯಾಂಡ್‌ಸೆಟ್ ಹಿಂದೆ ನಡೆಯುತ್ತಾ ತಾಳ ಕಲಿತವನು. ಈಗ ಇರುವುದು ಷಿಕಾಗೋ ಹತ್ತಿರ. ಡ್ರಮ್ ಮಟ್ಟಿಗೆ ಈ ಊರು ಕ್ಷೇತ್ರ ಇದ್ದ ಹಾಗೆ. ಲಡ್ವಿಗ್ ಡ್ರಮ್ ಕಂಪನಿಯ ಕಾರ್ಖಾನೆ ಇದ್ದದ್ದು ಇಲ್ಲಿನ ಡೇಮನ್ ಅವೆನ್ಯೂದಲ್ಲಿ. 1980ರ ದಶಕದಲ್ಲಿ ಅದು ನಾರ್ತ್ ಕೆರೊಲಿನಾಕ್ಕೆ ಹೋಯಿತು. ಸ್ಲಿಂಗರ್‌ಲ್ಯಾಂಡ್ ಕೂಡ ಇದೇ ಊರಿನದು. 1964ರ ಫೆಬ್ರವರಿ 9ರ ರಾತ್ರಿ ಬೀಟಲ್ಸ್ ತಂಡ ಅಮೆರಿಕದ ಟಿವಿಯಲ್ಲಿ ಕಾಣಿಸಿಕೊಂಡಿತು. ತಂಡದ ಡ್ರಮ್ಮರ್ ರಿಂಗೋ ಸ್ಟಾರ್ ಮುಂದಿದ್ದ ದೊಡ್ಡ ಡ್ರಮ್ ಮೇಲೆ ಲಡ್ವಿಗ್ ಅಂತ ಬರೆದಿತ್ತು. ಆಮೇಲೆ ಮನೆ ಮನೆಯ ಹುಡುಗರಿಗೂ ಡ್ರಮ್ ಬೇಕಾಯಿತು. ಇನ್ನೊಂದು ಕಡೆ ಶಾಲೆಗಳ ಬ್ಯಾಂಡ್ ತರಗತಿಗಳಿದ್ದವು. ಮಕ್ಕಳಿಗಾಗಿ ಸ್ನೇರ್, ಸ್ಟ್ಯಾಂಡ್, ಕೋಲು ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಮಾರುತ್ತಿದ್ದರು. ಅವರಲ್ಲಿ ಎಷ್ಟೋ ಮಕ್ಕಳು ಬೇಗ ಬಾರಿಸುವುದನ್ನು ಬಿಟ್ಟರು. ಡ್ರಮ್ ಪೆಟ್ಟಿಗೆಯಲ್ಲೇ ಉಳಿಯಿತು. ಇವತ್ತು ಅಗ್ಗಕ್ಕೆ ಸಿಗುವ ಒಳ್ಳೆಯ ಹಳೆ ಸ್ನೇರ್‌ಗಳಲ್ಲಿ ದೊಡ್ಡ ಪಾಲು ಇಂಥವೇ.

ಉದಾಹರಣೆಗೆ ಲಡ್ವಿಗ್‌ನವರ ಆಕ್ರೋಲೈಟ್. ಅಲ್ಯೂಮಿನಿಯಂ ಶೆಲ್ (ಡ್ರಮ್ಮಿನ ಒಡಲು), 14 ಇಂಚು ಅಗಲ, 5 ಇಂಚು ಎತ್ತರ, ಸುತ್ತ 8 ಲಗ್ (ಡ್ರಮ್ಮಿನ ಮುಖ ಬಿಗಿಯುವ ಸ್ಕ್ರೂ ಕೂರುವ ಗೂಡು). ಎಲ್ಲರೂ ಹಂಬಲಿಸುವ ಸುಪ್ರಾಫೋನಿಕ್ ಇದರ ಅಣ್ಣ. 1960ರ ದಶಕದ ನಡುವಿನಿಂದ ಬಂದ ಸುಪ್ರಾಫೋನಿಕ್‌ಗಳಲ್ಲಿ ಹೆಚ್ಚಿನವಕ್ಕೆ ಇರುವುದೂ ಜೋಡಣೆ ಗೆರೆ ಇಲ್ಲದ ಇದೇ ಬಗೆಯ ಅಲ್ಯೂಮಿನಿಯಂ ಶೆಲ್. ಅದಕ್ಕೆ 10 ಲಗ್, ಮೇಲೆ ಕ್ರೋಮ್ ಹೊಳಪು. ಬೆಲೆ ಮಾತ್ರ ಬಹಳ ಜಾಸ್ತಿ. ವಿಚಿತ್ರ ಏನೆಂದರೆ ಆ ಕ್ರೋಮ್ ಅಲ್ಯೂಮಿನಿಯಂ ಮೇಲೆ ಸರಿಯಾಗಿ ಕೂರುವುದಿಲ್ಲ. ವರ್ಷ ಕಳೆದಂತೆ ಚುಕ್ಕೆ ಚುಕ್ಕೆಯಾಗಿ ಏಳುತ್ತದೆ, ಕೆಲವೊಮ್ಮೆ ಸಿಪ್ಪೆಯಂತೆ ಬಿಡುತ್ತದೆ. ಆಕ್ರೋಲೈಟ್‌ಗೆ ಕ್ರೋಮ್ ಇಲ್ಲ, ಹಾಗಾಗಿ ಆ ಕಾಟವೂ ಇಲ್ಲ. ಸುಪ್ರಾಫೋನಿಕ್ ಬೇಕೇ ಬೇಕು ಅನ್ನುವವರು ಚುಕ್ಕೆ ಬಿದ್ದದ್ದನ್ನೇ ಹುಡುಕಲಿ. ಅದನ್ನು ಸಂಗ್ರಹ ಮಾಡುವವರು ಮುಟ್ಟುವುದಿಲ್ಲ, ಬೆಲೆ ಇಳಿಯುತ್ತದೆ, ಕಿವಿಗೆ ಬರುವ ನಾದಕ್ಕೆ ಏನೂ ಆಗಿರುವುದಿಲ್ಲ.

ಅಗ್ಗದ ಗುಟ್ಟು ಇರುವುದೇ ಇಲ್ಲಿ. ಸಂಗ್ರಹ ಮಾಡುವವರಿಗೆ ಬೇಡವಾದದ್ದು ಬಾರಿಸುವವರಿಗೆ ಸಾಕಾಗುತ್ತದೆ. ಯಾರೋ ಸ್ಟ್ರೈನರ್ (ಕೆಳಗಿನ ತಂತಿ ಬಿಗಿದು ಸಡಿಲಿಸುವ ಭಾಗ) ಬದಲಿಸಿದ್ದಾರೆ, ಶೆಲ್‌ಗೆ ಒಂದು ತೂತು ಜಾಸ್ತಿ ಕೊರೆದಿದ್ದಾರೆ, ಕೆಳಗಿನ ರಿಮ್ (ಅಂಚಿನ ಬಳೆ) ಬೇರೆ ಕಂಪನಿಯದು. ಇಂಥದ್ದು ಕಂಡರೆ ನನಗೆ ಖುಷಿ. 1920ರ ದಶಕದ ಬ್ಲ್ಯಾಕ್ ಬ್ಯೂಟಿ, ಒಂದೇ ಹಲಗೆಯನ್ನು ಹಬೆಯಲ್ಲಿ ಬಗ್ಗಿಸಿ ಮಾಡಿದ ರೇಡಿಯೋ ಕಿಂಗ್, ಇವೆಲ್ಲ ದುಡ್ಡಿದ್ದವರಿಗೆ ಇರಲಿ. ಅದೇ 1960ರ ದಶಕದಲ್ಲಿ ಜಪಾನ್‌ನಿಂದ ಬೇರೆ ಬೇರೆ ಅಂಗಡಿಗಳ ಹೆಸರು ಹೊತ್ತು ಬಂದ ಮರದ ಡ್ರಮ್‌ಗಳಿವೆ. ಅವನ್ನು ಮಾಡಿದವರು ಪರ್ಲ್, ಸ್ಟಾರ್‌ನಂಥ ಕಂಪನಿಗಳು. ಸ್ಟಾರ್ ಅಂದರೆ ಮುಂದೆ ಟಾಮಾ ಆದ ಕಂಪನಿ. ಲೋಹದ ಭಾಗ ತೆಳು, ಆದರೆ ಹೊಸ ಹೆಡ್ (ಮುಖದ ಹೊದಿಕೆ) ಹಾಕಿದರೆ ಮೆತ್ತಗಿನ, ಬೆಚ್ಚಗಿನ ಸದ್ದು. ಅವನ್ನು ಕೊಳ್ಳಲು ಇಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕು ಅಂತ ನನ್ನ ಅನಿಸಿಕೆ.

ಕ್ಷಮಿಸಬಾರದ ತಪ್ಪುಗಳೂ ಇವೆ. ಶೆಲ್ ದುಂಡಗಿಲ್ಲದಿದ್ದರೆ ಬೇಡ. ಹೆಡ್ ಕೂರುವ ಅಂಚು ಏರುತಗ್ಗಾಗಿದ್ದರೂ ಬೇಡ. ಎರಡೂ ಹೆಡ್ ತೆಗೆದು ಶೆಲ್ಲನ್ನು ಸಮತಟ್ಟಾದ ಗ್ರಾನೈಟ್ ಕಟ್ಟೆಯ ಮೇಲಿಡಿ. ಕೋಣೆ ಕತ್ತಲು ಮಾಡಿ, ಒಳಗೆ ಮೊಬೈಲಿನ ಟಾರ್ಚ್ ಹಾಕಿ, ಅಂಚಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಬೆಳಕು ಸೋರುವ ಜಾಗದಲ್ಲಿ ಅಂಚು ತಗ್ಗಿದೆ ಅಂತ ಅರ್ಥ. ಒಂದೊಂದು ಲಗ್ಗನ್ನೂ ಉಗುರಿನಿಂದ ಸವರಿ ಬಿರುಕು ಇದೆಯೇ ನೋಡಿ. ಸ್ಕ್ರೂಗಳನ್ನು ಕೈಯಲ್ಲೇ ತಿರುಗಿಸಿ. ಅಮೆರಿಕದ ಬಹುತೇಕ ಹಳೆ ಡ್ರಮ್‌ಗಳಿಗೆ 12-24 ಅಳತೆಯ ಟೆನ್ಷನ್ ರಾಡ್ (ಹೆಡ್ ಬಿಗಿಯುವ ಉದ್ದ ಸ್ಕ್ರೂ), ಅದು ಈಗಲೂ ಸಿಗುತ್ತದೆ. ಲಗ್ ಒಳಗಿನ ತಿರುಪಿನ ಗೆರೆ ಸವೆದಿದ್ದರೆ ಮಾತ್ರ ತಲೆನೋವು. ಲಡ್ವಿಗ್‌ನ ಸೀರಿಯಲ್ ನಂಬರ್ ನೋಡಿ ಇಂಥದ್ದೇ ವರ್ಷ ಅಂತ ಆಣೆ ಹಾಕುವವರನ್ನು ನಂಬಬೇಡಿ. ನಂಬರ್ ಇರುವ ಬ್ಯಾಡ್ಜ್‌ಗಳನ್ನು ನಂಬರಿನ ಸಾಲಿನಂತೆ ಹಾಕುತ್ತಿರಲಿಲ್ಲ. ಒಳಗೆ ತಾರೀಖಿನ ಮುದ್ರೆ ಇದ್ದರೆ ಅದು ಹೆಚ್ಚು ಗಟ್ಟಿ.

ಇಲ್ಲಿಯ ಪದ್ಧತಿಯಲ್ಲಿ ನಾನು ಮೆಚ್ಚಿದ್ದು ಅಗ್ಗದ ಬೆಲೆಯನ್ನಷ್ಟೇ ಅಲ್ಲ, ಬಿಚ್ಚುಮನಸ್ಸನ್ನು. ಮಾರುವವರು ಏನು ಮುರಿದಿದೆ, ಏನು ಬದಲಾಗಿದೆ ಅಂತ ಫೋಟೋ ಸಮೇತ ಹೇಳುತ್ತಾರೆ. 2013ರಲ್ಲಿ ಇದೇ ಊರಲ್ಲಿ ಶುರುವಾದ ರಿವರ್ಬ್ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ಅಂಥದ್ದೇ ಡ್ರಮ್ ಹಿಂದೆ ಎಷ್ಟಕ್ಕೆ ಹೋಗಿದೆ ಅನ್ನುವುದನ್ನೂ ನೋಡಬಹುದು. ಮಾರುವವರು ಬಾಯಿಗೆ ಬಂದ ಬೆಲೆ ಹೇಳುವುದು ಕಷ್ಟ. ಕೊಳ್ಳುವವರು ಕವಡೆಗೆ ಕೇಳುವುದೂ ಕಷ್ಟ. ಗ್ಯಾರೇಜ್ ಮುಂದೆ ಮೇಜು ಹಾಕಿ, ಅಜ್ಜನ ಡ್ರಮ್ ಇಟ್ಟು, ಬಂದವರ ಜೊತೆ ಅಜ್ಜನ ಬಗ್ಗೆ ಮಾತಾಡುತ್ತಾ ಮಾರುತ್ತಾರೆ. ಅದರಲ್ಲಿ ಯಾರಿಗೂ ಸಂಕೋಚವಿಲ್ಲ.

ನಮ್ಮ ಕಡೆ ಹೇಗಿದೆ? ಕಳೆದ ಸಲ ಊರಿಗೆ ಹೋದಾಗ ಪರಿಚಯದ ಹಿರಿಯರೊಬ್ಬರ ಮನೆಯ ಅಟ್ಟದಲ್ಲಿ ಹಿತ್ತಾಳೆ ಶೆಲ್ಲಿನ ಸೈಡ್ ಡ್ರಮ್ ನೋಡಿದೆ. ಮೀರತ್‌ನ ಜಲಿ ಕೋಠಿ ಕಡೆಯಿಂದ ತರಿಸಿದ್ದಂತೆ. ಹೆಡ್ ಹರಿದಿತ್ತು, ಸ್ನೇರ್ ತಂತಿ ತುಕ್ಕು ಹಿಡಿದು ಪುಡಿಯಾಗಿತ್ತು, ಶೆಲ್ ಮಾತ್ರ ಗಟ್ಟಿಮುಟ್ಟು. "ಮಾವ, ನನ್ನ ಅಕ್ಕನ ಮಗ ಒಂದು ಡ್ರಮ್ ಹುಡುಕ್ತಾ ಇದ್ದಾನೆ, ಇದಕ್ಕೆ ಒಂದು ಬೆಲೆ ಹೇಳಿ" ಅಂದೆ. ಅವರ ಮುಖ ಸಣ್ಣದಾಯಿತು. "ಮಾರೂದಾ? ಡ್ರಮ್ ಮಾರಿ ಉಣ್ಣುವಷ್ಟು ಬಡತನ ನಮಗೆ ಬರ್ಲಿಲ್ಲ ತಮ್ಮಾ" ಅಂದರು. ಅವರ ನೋವು ನನಗೆ ಅರ್ಥವಾಗುತ್ತದೆ. ಅದರ ಜೊತೆ ಅವರ ಅಪ್ಪನ ಹೆಸರಿದೆ, ಎಷ್ಟೋ ಮದುವೆ ಮೆರವಣಿಗೆಗಳಿವೆ. ಆದರೂ ಆ ಡ್ರಮ್ ಇನ್ನೆರಡು ಮಳೆಗಾಲ ಹಾಗೇ ಇದ್ದರೆ ಅದರ ಕಬ್ಬಿಣದ ರಿಮ್ ಉಳಿಯುವುದಿಲ್ಲ. ಕಡೆಗೆ ಗುಜರಿಯವರು ಬಂದು ಹಿತ್ತಾಳೆಯನ್ನು ತೂಕಕ್ಕೆ ಒಯ್ಯುತ್ತಾರೆ. ಅದಕ್ಕಿಂತ ಒಬ್ಬ ಹುಡುಗನ ಕೈಗೆ ಹೋಗುವುದು ಅವರ ಅಪ್ಪನಿಗೆ ಮರ್ಯಾದೆ ಅಲ್ವಾ?

ರಿಪೇರಿ ವಿಷಯದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೊನ್ನಾವರ, ಸಿರ್ಸಿ ಕಡೆ ಯಕ್ಷಗಾನದ ಮದ್ದಲೆಗೆ ಮುಚ್ಚಿಗೆ (ಚರ್ಮದ ಮುಖ) ಹೋದರೆ ಹೊಸದು ಹಾಕಿಸುತ್ತಾರೆ. ಮರದ ಒಡಲು ಗುರುವಿನಿಂದ ಶಿಷ್ಯನಿಗೆ ಬಂದು ಮತ್ತೆ ನುಡಿಯುತ್ತದೆ. ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗರ ಮಣ್ಣಿನ ವಾದ್ಯ ಗುಮಟೆಗೆ ಉಡದ ಚರ್ಮ ನಿಷೇಧವಾದ ಮೇಲೆ ಆಡಿನ ಚರ್ಮ ಬಂತು, ವಾದ್ಯ ಉಳಿಯಿತು. ಅಮೆರಿಕದ ಡ್ರಮ್‌ಗಳ ಕಥೆಯೂ ಹೀಗೇ. 1957ರ ಸುಮಾರಿಗೆ ಕರುವಿನ ಚರ್ಮದ ಬದಲು ಪ್ಲಾಸ್ಟಿಕ್ ಹೆಡ್ ಬಂತು, ಹಳೆ ಶೆಲ್‌ಗಳು ಅದನ್ನೇ ಹೊದ್ದು ಮುಂದುವರಿದವು.

ಹಾಗಾದರೆ ಕೊರತೆ ಎಲ್ಲಿ? ನಮ್ಮಲ್ಲಿ ವಾದ್ಯ ಕೈಯಿಂದ ಕೈಗೆ ಹೋಗುವುದು ಗುರುತಿನವರ ನಡುವೆ ಮಾತ್ರ. ಹಾಗೆ ಸಿಕ್ಕಿದರೆ ದುಡ್ಡಿಲ್ಲದೆಯೂ ಸಿಗುತ್ತದೆ, ಜೊತೆಗೆ ಕಲಿಸುವವರೂ ಸಿಗುತ್ತಾರೆ. ಅದು ದೊಡ್ಡ ಮಾತು. ಷಿಕಾಗೋದಲ್ಲಿ ದುಡ್ಡು ಕೊಟ್ಟವರಿಗೆ ಡ್ರಮ್ ಸಿಗುತ್ತದೆ, ಗುರು ಸಿಗುವುದಿಲ್ಲ. ಆದರೆ ಬ್ಯಾಂಡ್‌ಸೆಟ್ ಮನೆತನದಲ್ಲಿ ಹುಟ್ಟದ, ಚರ್ಚ್ ಹಾಲ್‌ಗೆ ಹೋಗಿ ಗೊತ್ತಿಲ್ಲದ ಅಂಕೋಲಾದ ಒಬ್ಬ ಹುಡುಗಿಗೆ ಡ್ರಮ್ ಕಲಿಯುವ ಆಸೆ ಬಂದರೆ? ಅವಳಿಗೆ ನಮ್ಮ ಪದ್ಧತಿಯಲ್ಲಿ ಬಾಗಿಲೇ ಇಲ್ಲ. ಮಡಗಾಂವ್‌ಗೆ ಹೋಗಿ ಹೊಸದು ಕೊಳ್ಳಬೇಕು, ಇಲ್ಲವೇ ಆಸೆ ಬಿಡಬೇಕು. ಎಲ್ಲರಿಗೂ ಕಾಣುವ ಹಾಗೆ ಬರೆದಿಟ್ಟ ಬೆಲೆ ಯಾರ ಮಗಳು ಅಂತ ಕೇಳುವುದಿಲ್ಲ. ಅದಕ್ಕೇ ನಾನು ಇಲ್ಲಿನ ಪದ್ಧತಿಯ ಪರ.

ಅಕ್ಕನ ಮಗನಿಗೆ ನಾನು ಆರಿಸಿದ್ದು ಆಕ್ರೋಲೈಟ್. ಕಡಲ ಗಾಳಿಯ ಉಪ್ಪಿಗೆ ಕಬ್ಬಿಣದ ಶೆಲ್ ತಡೆಯುವುದಿಲ್ಲ. ಅಂಟು ಬಿಟ್ಟ ಹಳೆ ಮರದ ಶೆಲ್‌ಗೆ ನಮ್ಮ ಆಷಾಢದ ತೇವ ಒಳ್ಳೆಯದಲ್ಲ. ಅಲ್ಯೂಮಿನಿಯಂ, ಹಿತ್ತಾಳೆ ಎರಡಕ್ಕೂ ತುಕ್ಕಿನ ಭಯವಿಲ್ಲ. ರಿಮ್ ಮತ್ತು ರಾಡ್‌ಗಳನ್ನು ಮಾತ್ರ ಮಳೆಗಾಲಕ್ಕೆ ಮೊದಲು ಒರೆಸಿ ತೆಳ್ಳಗೆ ಎಣ್ಣೆ ಹಚ್ಚಬೇಕು. ಡ್ರಮ್ಮನ್ನು ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟು ತಂದೆ. ಆದರೆ ಎಲ್ಲರಿಗೂ ಷಿಕಾಗೋದಲ್ಲಿ ಮಾವ ಇರುವುದಿಲ್ಲ.

ಕಾರವಾರ, ಕುಮಟಾ, ಸಿರ್ಸಿಯ ಬ್ಯಾಂಡ್‌ನವರಲ್ಲಿ, ಶಾಲೆಗಳಲ್ಲಿ, ಚರ್ಚ್ ಕಮಿಟಿಗಳಲ್ಲಿ ನನ್ನ ಕೋರಿಕೆ ಇಷ್ಟು. ಬಾರಿಸದೆ ಇಟ್ಟ ಡ್ರಮ್ಮನ್ನು ಈ ಬೇಸಿಗೆಯಲ್ಲಿ ಕೆಳಗಿಳಿಸಿ. ಶೆಲ್, ಅಂಚು, ಲಗ್, ಸ್ಟ್ರೈನರ್ ಇವುಗಳ ಫೋಟೋ ತೆಗೆಯಿರಿ. ಅಗಲ ಎಷ್ಟು, ಏನು ಮುರಿದಿದೆ, ಏನು ಇಲ್ಲ, ಬೆಲೆ ಎಷ್ಟು, ಅದನ್ನು ಯಾರು ಬಾರಿಸುತ್ತಿದ್ದರು ಅಂತಲೂ ಬರೆದು ಊರಿನ ವಾಟ್ಸಾಪ್ ಗುಂಪುಗಳಿಗೆ ಹಾಕಿ. 14 ಇಂಚಿನದಾದರೆ ಹೆಡ್, ಸ್ನೇರ್ ತಂತಿ ಎರಡೂ ಸುಲಭವಾಗಿ ಸಿಗುತ್ತವೆ, ಕೊಂಡವರೇ ಹಾಕಿಕೊಳ್ಳುತ್ತಾರೆ.